ಅಡುಗೆಯ ಮನೆಯೂ ನಂಬಿಕೆಯೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಗಾದೆ ಹೇಳಿದ ಹಿರಿಯರು ಈ ಎರಡು ಕಾರ್ಯಗಳಿಗೂ ಸಮಾನವಾದ ಕಷ್ಟ ಯಾವುದೆಂಬುದನ್ನು ಬಿಡಿಸಿ ಹೇಳಲಿಲ್ಲ. ವೆಚ್ಚವೇ ಆ ಕಷ್ಟವೆಂದು ಕೆಲವರೂ, ಓಡಾಟವೆಂದು ಕೆಲವರೂ ಅರ್ಥಮಾಡುತ್ತಾರೆ. ನನಗೆ ತೋರುವ ಮಟ್ಟಿಗೆ ಅದು ಬೇರೊಂದು. ಎರಡರಲ್ಲಿಯೂ ನಾವು ನಿನ್ನೆ ಮೊನ್ನೆ ಕಂಡವರ ಮಾತನ್ನು ನಂಬಿ, ಹಿಂದಿರುಗಿ ಬರಲಾರದಷ್ಟು ದೂರ ಹೋಗಬೇಕಾಗುತ್ತದೆ. ನಂಬಿದ್ದು ಸರಿಯೋ ತಪ್ಪೋ ಎಂಬುದು ತಿಳಿಯುವ ವೇಳೆಗೆ ವರುಷಗಳು ಕಳೆದಿರುತ್ತವೆ. ಮನೆಯೊಳಗೆ ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯಿಸತಕ್ಕ ಭಾಗ ಅಡುಗೆಯ ಮನೆ. ಹಜಾರದ ಕಪಾಟು ಸೊಟ್ಟಗಿದ್ದರೆ ಬಂದವರು ನೋಡಿ ನಗಬಹುದು, ಅಷ್ಟೆ. ಅಡುಗೆಯ ಮನೆಯಲ್ಲಿಯಾದರೋ ನೀರು, ಬೆಂಕಿ, ಎಣ್ಣೆ, ಆವಿ, ಭಾರ ಇವೆಲ್ಲವೂ ದಿನಕ್ಕೆ ಮೂರು ಸಲ ಮರವನ್ನೂ ಕೀಲನ್ನೂ ಪರೀಕ್ಷೆಮಾಡುತ್ತವೆ. ಆ ಪರೀಕ್ಷೆಯ ಫಲ ಮೂರು ಮಳೆಗಾಲಗಳಾದ ಮೇಲೆ ಹೊರಬೀಳುತ್ತದೆ. ಹಣವನ್ನು ಮಾತ್ರ ಮೊದಲೇ ಕೊಟ್ಟಿರುತ್ತೇವೆ.

ಹೊಸ ಅಡುಗೆಮನೆಗೆ ಸಾಮಾನನ್ನು ಒದಗಿಸುವವನನ್ನೂ ಅದನ್ನು ಜೋಡಿಸುವವನನ್ನೂ ಆರಿಸುವ ವಿಚಾರ ಸಾಹಿತ್ಯಪತ್ರಿಕೆಗೆ ತಕ್ಕದ್ದೇ ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ವೈದ್ಯನ ವಿಷಯ, ವಕೀಲನ ವಿಷಯ, ಉಪಾಧ್ಯಾಯನ ವಿಷಯ ಬಂದಾಗ ನಂಬಿಕೆಯ ಪ್ರಶ್ನೆಯನ್ನು ನಾವು ಧರ್ಮದ ಪ್ರಶ್ನೆಯೆಂದೇ ಎಣಿಸಿ ಚರ್ಚಿಸುತ್ತೇವೆ. ಬಡಗಿಯ ವಿಷಯ ಬಂದಾಗ ಮಾತ್ರ ಅದು ಚೌಕಾಸಿಯ ಪ್ರಶ್ನೆಯಾಗಿಬಿಡುತ್ತದೆ. ಬಲ್ಲವನೊಬ್ಬ, ಅರಿಯದವನೊಬ್ಬ, ಅರಿಯದವನ ಕೈಯಲ್ಲಿ ಹಣ, ಬಲ್ಲವನ ಕೈಯಲ್ಲಿ ಕೆಲಸ, ಒಬ್ಬರು ಇನ್ನೊಬ್ಬರನ್ನು ನಂಬದೆ ಕಾರ್ಯ ಮುಂದರಿಯದು. ಸಂಬಂಧದ ಸ್ವರೂಪ ಎಲ್ಲ ಕಡೆಯಲ್ಲಿಯೂ ಒಂದೇ ಆಗಿರುವಾಗ ಇದಕ್ಕೆ ಮಾತ್ರ ಧರ್ಮವಿಚಾರದಿಂದ ವಿನಾಯಿತಿ ಏತಕ್ಕೆ ಎಂಬುದು ನನಗೆ ತಿಳಿಯದು.

ನಮ್ಮ ಊರಿನ ಈ ಭಾಗದಲ್ಲಿ, ಎಂದರೆ ದಂಡು ಮತ್ತು ಅದರ ಪೂರ್ವದಿಕ್ಕಿನಲ್ಲಿ, ಅಡುಗೆಯ ಮನೆಗೆ ಒಂದು ಚರಿತ್ರೆಯೇ ಉಂಟು. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷರ ಸೈನ್ಯ ಇಲ್ಲಿಗೆ ಬಂದು ದಂಡು ನೆಲೆಗೊಂಡದ್ದು ೧೮೦೯ರಲ್ಲಿ. ಆ ಕಾಲದಿಂದ ಎದ್ದ ಬಂಗಲೆಗಳಲ್ಲಿ ಅಡುಗೆಯ ಮನೆ ಮನೆಯೊಳಗೆ ಇರುತ್ತಿರಲಿಲ್ಲ. ಹೊಗೆಗೂ ಬೆಂಕಿಗೂ ಹೆದರಿ ಅದನ್ನು ಹಿತ್ತಿಲಲ್ಲಿ ಬೇರೆಯಾಗಿ ಕಟ್ಟಿ, ಮಾಡು ಹೊದಿಸಿದ ಒಂದು ಓಣಿಯಿಂದ ಬಂಗಲೆಗೆ ಸೇರಿಸುತ್ತಿದ್ದರು. ಬಂಗಲೆಯ ದೊರೆಸಾನಿ ಅದರೊಳಗೆ ಕಾಲಿಡುತ್ತಿದ್ದುದು ಅಪೂರ್ವ; ಅದರೊಳಗೆ ಬೇಯುತ್ತಿದ್ದ ಬಟ್ಲರನ ಅಭಿಪ್ರಾಯವನ್ನು ಕೇಳಿ ಕಟ್ಟಿದವರು ಇನ್ನೂ ಅಪೂರ್ವ. ಹಲಸೂರಿನ ಹಳೆಯ ಮನೆಗಳಲ್ಲಿಯಾದರೋ ಅಡುಗೆಯ ಮನೆ ಒಳಗಿನ ಒಳಗು. ಒಲೆ, ಒರಳು, ನೀರಿನ ಹಂಡೆಗೆ ಒಂದು ಕಟ್ಟೆ, ಗೋಡೆಯ ಮೇಲೆ ಒಂದು ನಾಗಂದಿಗೆ, ಇಷ್ಟಾದರೆ ಮುಗಿಯಿತು. ಇದಕ್ಕಾಗಿ ನಾಲ್ಕು ಜನರಿಂದ ಅಂದಾಜು ಪಟ್ಟಿ ತರಿಸಬೇಕಾಗಿರಲಿಲ್ಲ.

ಅದಕ್ಕಿಂತ ಹಿಂದಿನ ಹಳ್ಳಿಯ ಏರ್ಪಾಡಿನಲ್ಲಿ ಬಡಗಿಯನ್ನು ಆರಿಸುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬ. ನೇಗಿಲು, ಬಾಗಿಲು, ತೊಟ್ಟಿಲು ಎಲ್ಲವೂ ಅವನದೇ ಕೈಯಿಂದ. ಸುಗ್ಗಿಯ ಕಾಲದಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಹೋಗುತ್ತಿತ್ತು. ಅವನು ಕೆಟ್ಟ ಮರ ಹಾಕಿದರೆ ಮುಂದಿನ ವರ್ಷ ಅದೇ ಕಣದ ಮುಂದೆ ನಿಲ್ಲಬೇಕಾಗಿತ್ತು. ಈ ಏರ್ಪಾಡನ್ನು ನೆನೆದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಅಲ್ಲಿ ಇದ್ದದ್ದು ನಂಬಿಕೆಯೆನ್ನುವುದಕ್ಕಿಂತ ತಪ್ಪಿಸಿಕೊಳ್ಳಲಾಗದಿರುವಿಕೆ ಎನ್ನುವುದು ಮೇಲು. ಬಡಗಿಯ ಮಗ ಬಡಗಿಯಾಗಲೇಬೇಕು. ಗೌಡನ ಕೆಲಸವನ್ನು "ಒಲ್ಲೆ" ಎನ್ನುವ ಸ್ವಾತಂತ್ರ್ಯ ಅವನಿಗಿಲ್ಲ. ಬೇರೆ ಬಡಗಿಯನ್ನು ಕರೆಯುವ ಸ್ವಾತಂತ್ರ್ಯ ಒಕ್ಕಲಿಗನಿಗೂ ಅಷ್ಟಾಗಿ ಇಲ್ಲ. ಈಗ ಆರಿಸುವ ಸ್ವಾತಂತ್ರ್ಯ ಇಬ್ಬರಿಗೂ ಬಂದಿದೆ. ಸ್ವಾತಂತ್ರ್ಯ ಬಂದಲ್ಲಿಯೇ ಧರ್ಮದ ಪ್ರಶ್ನೆ ಹುಟ್ಟತಕ್ಕದ್ದು. ಕಟ್ಟಿಹಾಕಿದ ಎತ್ತಿಗೆ ಧರ್ಮಸಂಕಟವಿಲ್ಲ.

ಈಗಿನ ಸ್ಥಿತಿಯನ್ನು ನೋಡೋಣ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಗಾಜಿನ ಗೋಡೆಯ ಷೋರೂಮುಗಳಿವೆ. ಒಳಗೆ ಕನ್ನಡಿಯಂತೆ ಹೊಳೆಯುವ, ಯಾರೂ ಒಂದು ಹಿಡಿ ಸಾಸಿವೆಯನ್ನು ಸಿಡಿಸಿರದ ಅಡುಗೆಮನೆಗಳು ನಿಂತಿವೆ. ಹಿಂದೆ ಬ್ಲ್ಯಾಕ್‌ಪಲ್ಲಿ ಎನ್ನಿಸಿಕೊಂಡಿದ್ದ ಶಿವಾಜಿನಗರದಲ್ಲಿಯೂ ಹಲಸೂರಿನ ಗಲ್ಲಿಗಳಲ್ಲಿಯೂ ಒಬ್ಬಿಬ್ಬರು ಕೆಲಸಗಾರರನ್ನಿಟ್ಟುಕೊಂಡು ದುಡಿಯುವ ಬಡಗಿಗಳಿದ್ದಾರೆ. ಹಳೆಯ ಮದರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರದ ಕಡೆಗೆ ಹೋದರೆ ಯಂತ್ರದಿಂದ ಹಲಗೆ ಕೊಯ್ದು ಅಂಚು ಅಂಟಿಸುವ ಕಾರ್ಖಾನೆಗಳು. ಇವರ ಜೊತೆಗೆ, ಅಂಗಡಿಯೇ ಇಲ್ಲದೆ ದೂರವಾಣಿಯಲ್ಲಿಯೇ ಚಿತ್ರ ತೋರಿಸಿ ಮುಂಗಡ ಪಡೆಯುವ ಸಂಸ್ಥೆಗಳು. ಮಾರುವವನೊಬ್ಬ, ಮಾಡುವವನೊಬ್ಬ, ತಂದು ಗೋಡೆಗೆ ಜೋಡಿಸುವ ಫಿಟ್ಟರು ಇನ್ನೊಬ್ಬ. ಮೂವರೂ ಒಬ್ಬರನ್ನೊಬ್ಬರು ಕಂಡಿರುವರೆಂಬ ನೇಮವೂ ಇಲ್ಲ. ಜೋಡಿಸುವವರಲ್ಲಿ ಬಹುಮಂದಿ ರಾಜಸ್ಥಾನದಿಂದಲೋ ಬಿಹಾರದಿಂದಲೋ ಉತ್ತರಪ್ರದೇಶದಿಂದಲೋ ಬಂದವರು; ಅವರ ಭಾಷೆ ನಮಗೆ ಅರ್ಧ, ನಮ್ಮ ಅಡುಗೆ ಅವರಿಗೆ ಕಾಲು.

ಇಲ್ಲಿ ಅರಿಯದವನ ಅಜ್ಞಾನ ಎಷ್ಟು ಗಾಢವಾದದ್ದೆಂಬುದಕ್ಕೆ ಪ್ಲೈವುಡ್ಡಿನ ಒಂದು ಉದಾಹರಣೆ ಸಾಕು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆ ಅದು. ನೀರಿನ ಹತ್ತಿರ ಬಳಸತಕ್ಕ ಉತ್ತಮ ಜಾತಿಗೆ ಭಾರತೀಯ ಮಾನಕ ೭೧೦ ಎಂದು ಗುರುತು. ಅದರ ತುಂಡನ್ನು ೭೨ ಗಂಟೆಗಳ ಕಾಲ ಕುದಿಯುವ ನೀರಿನಲ್ಲಿ ಇಟ್ಟರೂ ಪದರ ಬಿಡಬಾರದೆಂಬುದು ಅದರ ನಿಯಮ. ಮಾನಕ ೩೦೩ರ ಸಾಧಾರಣ ಜಾತಿಗೆ ಇಷ್ಟು ಕಠಿನವಾದ ಪರೀಕ್ಷೆ ಇಲ್ಲ. ಗುರುತೇ ಇಲ್ಲದ ಜಾತಿಗೆ ಯಾವ ಪರೀಕ್ಷೆಯೂ ಇಲ್ಲ. ಈ ಮೂರರ ಮೇಲೂ ಒಂದೇ ಬಣ್ಣದ ಸನ್‌ಮೈಕ ಅಂಟಿಸಿ ಅಂಚು ಮುಚ್ಚಿದರೆ ಬ್ರಹ್ಮನಿಗೂ ವ್ಯತ್ಯಾಸ ಕಾಣದು. ಸಿಂಕಿನ ಕೆಳಗಣ ಕಪಾಟು ಉಬ್ಬಿದಾಗ ಮಾತ್ರ ಕಾಣುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಎಂಬುವರು ೧೯೭೦ರಲ್ಲಿ ಹಳೆಯ ಮೋಟಾರು ಗಾಡಿಗಳ ವ್ಯಾಪಾರವನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ೨೦೦೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದಕ್ಕೆ ಆ ವಿಚಾರವೇ ಮುಖ್ಯ ಕಾರಣ. ಅದರ ಸಾರಾಂಶ ಇಷ್ಟು: ಒಳ್ಳೆಯದಾವುದು ಕೆಟ್ಟದಾವುದು ಎಂಬುದು ಕೊಳ್ಳುವವನಿಗೆ ಕಾಣದಿದ್ದರೆ ಅವನು ಎರಡಕ್ಕೂ ನಡುವಣ ಬೆಲೆಯನ್ನೇ ಕೊಡುತ್ತಾನೆ, ಆ ಬೆಲೆಗೆ ಒಳ್ಳೆಯದನ್ನು ಮಾರುವವನಿಗೆ ನಷ್ಟ, ಕೆಟ್ಟದ್ದನ್ನು ಮಾರುವವನಿಗೆ ಲಾಭ, ಕ್ರಮಕ್ರಮವಾಗಿ ಒಳ್ಳೆಯವನು ಸಂತೆಯನ್ನು ಬಿಟ್ಟು ಹೋಗುತ್ತಾನೆ. ಇದರಿಂದ ನಾನು ತೆಗೆಯುವ ಅರ್ಥವೇನೆಂದರೆ, ಕೊಳ್ಳುವವನ ಅಜ್ಞಾನದಿಂದ ಕೆಡುವವನು ಅವನೊಬ್ಬನೇ ಅಲ್ಲ. ಪ್ರಾಮಾಣಿಕನಾದ ಬಡಗಿಯೂ ಕೆಡುತ್ತಾನೆ. ಆದ್ದರಿಂದ ಮರದ ಜಾತಿಯನ್ನು ಅಷ್ಟಿಷ್ಟು ತಿಳಿದುಕೊಳ್ಳುವುದು, ಹಾಳೆಗಳು ಮನೆಗೆ ಬಂದ ದಿನ ಸನ್‌ಮೈಕ ಅಂಟುವುದಕ್ಕೆ ಮುಂಚೆ ಮುದ್ರೆಯನ್ನು ನೋಡುವುದು, ಇವು ಜಿಪುಣತನವಲ್ಲ; ಒಳ್ಳೆಯ ಕೆಲಸಗಾರನಿಗೆ ನಾವು ಸಲ್ಲಿಸಬೇಕಾದ ಒಂದು ಋಣ.

ಈಗ ನನ್ನನ್ನು ಈ ಲೇಖನಕ್ಕೆ ತೊಡಗಿಸಿದ ವಿಷಯಕ್ಕೆ ಬರುತ್ತೇನೆ. ಇಂದಿರಾನಗರದಲ್ಲಿ ಮನೆಯನ್ನು ಕೊಂಡ ನನ್ನ ಸ್ನೇಹಿತರೊಬ್ಬರು ನಾಲ್ಕು ಕಡೆಯಿಂದ ಅಂದಾಜು ಪಟ್ಟಿ ತರಿಸಿದರು. ಮೂವರು ಚದರಡಿಗೆ ಇಷ್ಟು ಎಂದು ಲೆಕ್ಕ ಹಾಕಿ ಕಳುಹಿಸಿಬಿಟ್ಟರು. ನಾಲ್ಕನೆಯವನು ಹಲಸೂರಿನ ಸೋಮೇಶ್ವರ ದೇವಸ್ಥಾನದ ಆಚೆಯ ಬೀದಿಯ ಒಬ್ಬ ವಯಸ್ಸಾದ ಆಚಾರಿ. ಅವನು ಎರಡು ಸಂಜೆ ಬಂದ. ಮೂಲೆಮಟ್ಟವನ್ನೂ ರಸಮಟ್ಟವನ್ನೂ ಇಟ್ಟು ನೋಡಿ, ಕಿಟಕಿಯ ಪಕ್ಕದ ಮೂಲೆ ಮುಕ್ಕಾಲಂಗುಲದಷ್ಟು ಹೊರಕ್ಕೆ ತೆರೆದುಕೊಂಡಿದೆಯೆಂದ. ನೀರು ಹೊರಹೋಗುವ ಕೊಳಾಯಿ ಸೆಳೆಖಾನೆಗಳಿಗೆ ಅಡ್ಡ ಬರುವುದೆಂದೂ, ಸಿಂಕನ್ನು ಒಂದೂವರೆ ಅಡಿ ಕಿಟಕಿಯ ಕಡೆಗೆ ಸರಿಸಿದರೆ ಕೊಳಾಯಿಗೂ ಅನುಕೂಲ, ಪಾತ್ರೆ ತೊಳೆಯುವವರಿಗೆ ಬೆಳಕೂ ಆಯಿತೆಂದೂ ಹೇಳಿ, ಚೌಕುಳಿಯ ಕಾಗದದ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆದುಕೊಟ್ಟ. ಅವನ ಬೆಲೆ ನಾಲ್ಕರಲ್ಲಿ ಎರಡನೆಯದು. ಸ್ನೇಹಿತರು ಆ ನಕ್ಷೆಯ ಪಟವನ್ನು ಕೃಷ್ಣರಾಜಪುರದ ಕಾರ್ಖಾನೆಯವನಿಗೆ ಕಳುಹಿಸಿದರು. ಆಲೋಚಿಸುವ ಶ್ರಮ ತಪ್ಪಿದ್ದರಿಂದ ಅವನು ಇನ್ನೂ ಸ್ವಲ್ಪ ಇಳಿಸಿದ. ಕೆಲಸ ಅವನಿಗೆ ಹೋಯಿತು.

ವಾಚಕರು ಇಲ್ಲಿ ಯಾವುದಾದರೂ ಅನಾಹುತವನ್ನು ನಿರೀಕ್ಷಿಸಬಹುದು. ಅಂಥದೇನೂ ಆಗಲಿಲ್ಲ. ಅಡುಗೆಮನೆ ಚೆನ್ನಾಗಿಯೇ ಇದೆ. ಬಾಗಿಲುಗಳು ಸದ್ದಿಲ್ಲದೆ ಮುಚ್ಚುತ್ತವೆ. ಸಿಂಕಿನ ಮುಂದೆ ಬೆಳಗಿನ ಬೆಳಕು ಬೀಳುತ್ತದೆ. ಇದು ನಮ್ಮ ವಿಚಾರಕ್ಕೆ ಅನುಕೂಲವೇ ಆಯಿತು. ಕೆಟ್ಟ ಫಲ ಬಂದಿದ್ದರೆ ಅದನ್ನೇ ತೋರಿಸಿ ಕಾರ್ಯವನ್ನು ಖಂಡಿಸಿಬಿಡುತ್ತಿದ್ದೆವು. ಫಲ ಒಳ್ಳೆಯದಾಗಿರುವಾಗ, ಮಾಡಿದ್ದು ನ್ಯಾಯವೇ ಎಂಬ ಪ್ರಶ್ನೆ ತಾನೊಂದೇ ನಿಲ್ಲುತ್ತದೆ.

ಸ್ನೇಹಿತರು ತಮ್ಮ ಪಕ್ಷವನ್ನು ಸಮರ್ಥವಾಗಿಯೇ ವಾದಿಸಿದರು. ಆಚಾರಿ ನಕ್ಷೆಗೆ ಹಣ ಕೇಳಲಿಲ್ಲ. ಗೋಡೆ ತಮ್ಮದು, ಆದ್ದರಿಂದ ಅದರ ಅಳತೆಯೂ ತಮ್ಮದು. ನಾಲ್ಕು ಕಡೆ ವಿಚಾರಿಸಿ ಒಂದು ಕಡೆ ಕೊಳ್ಳುವುದು ಲೋಕಾರೂಢಿ. ತರಕಾರಿಯನ್ನು ಕೂಡ ರಸೆಲ್ ಮಾರ್ಕೆಟ್ಟಿನಲ್ಲಿ ನಾಲ್ಕು ಅಂಗಡಿ ನೋಡದೆ ಯಾರೂ ಕೊಳ್ಳುವುದಿಲ್ಲ.

ಮೂರನೆಯ ವಾದವನ್ನು ಮೊದಲು ತೆಗೆದುಕೊಳ್ಳೋಣ, ಅದು ಹಗುರವಾದದ್ದರಿಂದ. ಮಾರ್ಕೆಟ್ಟಿನಲ್ಲಿ ಬದನೆಕಾಯಿಯ ಬೆಲೆ ಕೇಳಿದರೆ ಅಂಗಡಿಯವನು ಕಳೆದುಕೊಳ್ಳುವುದು ಒಂದು ಉಸಿರು. ಎರಡು ಸಂಜೆ ಕಳೆದುಕೊಂಡವನೊಡನೆ ಅವನನ್ನು ಹೋಲಿಸುವುದು ಸರಿಯಲ್ಲ. ಆದರೆ ಹೋಲಿಸಿ ನೋಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಯಾರಿಗೆ ಕೊಡಬೇಕೆಂಬ ಸಂದೇಹ ನಿಜವಾಗಿ ಮನಸ್ಸಿನಲ್ಲಿರುವಾಗ ನಾಲ್ವರನ್ನು ಕರೆಯುವುದು ನಾಲ್ವರಿಗೂ ಅವಕಾಶ ಕೊಟ್ಟಂತೆ. ಒಬ್ಬನಿಗೆ ಕೊಡುವುದೆಂದು ಒಳಗೆ ನಿಶ್ಚಯಿಸಿ, ಅವನ ಬೆಲೆಯನ್ನು ಇಳಿಸುವ ಆಯುಧವಾಗಿ ಮಾತ್ರ ಇನ್ನೊಬ್ಬನನ್ನು ಮೂರು ಅಂತಸ್ತು ಹತ್ತಿಸಿ ಅಳತೆಮಾಡಿಸುವುದು ಬೇರೆಯ ಜಾತಿಯ ಕಾರ್ಯ. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಮಾಡುವವನಿಗೆ ಮಾತ್ರ ಭೇದ ಗೊತ್ತು.

ಎರಡನೆಯ ವಾದಕ್ಕೆ ತೂಕವುಂಟು. ಗೋಡೆ ಹತ್ತಡಿಯೆಂಬುದು ಗೋಡೆಯ ಗುಣ. ಅದನ್ನು ಯಾರು ಅಳೆದರೂ ಹತ್ತಡಿಯೇ. ಅದು ಮನೆಯ ಯಜಮಾನನ ಸ್ವತ್ತು ಎನ್ನಬಹುದು. ಆದರೆ ಸಿಂಕು ಕಿಟಕಿಯ ಕಡೆಗೆ ಸರಿಯಬೇಕೆಂಬುದು ಗೋಡೆಯ ಗುಣವಲ್ಲ. ಅದು ಮೂವತ್ತು ನಲವತ್ತು ವರ್ಷ ಸಿಂಕುಗಳ ಕೆಳಗೆ ತಲೆ ಹಾಕಿ ನೋಡಿದವನ ಬುದ್ಧಿಯ ಫಲ. ಅಳತೆ ಒಂದು, ಆಲೋಚನೆ ಇನ್ನೊಂದು. ಎರಡೂ ಒಂದೇ ಕಾಗದದ ಮೇಲೆ ಇದ್ದುದರಿಂದ ಎರಡೂ ತಮ್ಮವೆಂದು ಸ್ನೇಹಿತರು ಭ್ರಮಿಸಿದರು. ೧೯೫೭ರ ಕೃತಿಸ್ವಾಮ್ಯದ ಕಾಯಿದೆ ನಕ್ಷೆಯನ್ನೂ ಕೃತಿಯೆಂದೇ ಎಣಿಸುತ್ತದೆ. ಪೆನ್ಸಿಲಿನಲ್ಲಿ ಬರೆದ ಒಂದು ಹಾಳೆಗಾಗಿ ಹಲಸೂರಿನ ಆಚಾರಿ ನ್ಯಾಯಾಲಯದ ಮೆಟ್ಟಲು ಹತ್ತುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಕಾನೂನು ಹಿಡಿಯಲಾರದ ಕಡೆಯಲ್ಲಿಯೇ ನಮ್ಮ ಸೌಜನ್ಯಕ್ಕೆ ಕೆಲಸ.

ಮೊದಲನೆಯ ವಾದ, ಅವನು ಹಣ ಕೇಳಲಿಲ್ಲವೆಂಬುದು, ನನ್ನನ್ನು ಬಹಳ ಹೊತ್ತು ಯೋಚನೆಗೀಡುಮಾಡಿತು. ಕೇಳದೆ ಕೊಟ್ಟದ್ದು ದಾನವಲ್ಲವೇ? ದಾನ ಪಡೆದವನು ಅದನ್ನು ಇಚ್ಛೆ ಬಂದಂತೆ ಬಳಸಬಾರದೇ? ಆದರೆ ಅವನು ಕೊಟ್ಟದ್ದು ದಾನವಾಗಿ ಅಲ್ಲ, ಆಸೆಯಿಂದ, ಆ ಆಸೆ ನಮಗೂ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಕರೆದೆವು. ಬಿತ್ತನೆಗೆಂದು ಕೊಟ್ಟ ಬೀಜವನ್ನು ಕುಟ್ಟಿ ಅನ್ನ ಮಾಡಿದರೆ "ಅವನು ಬೆಲೆ ಕೇಳಲಿಲ್ಲ" ಎಂಬುದು ಉತ್ತರವಾದೀತೆ? ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಐದು ಮನೆಗಳಲ್ಲಿ ಬಿಟ್ಟಿಯಾಗಿ ಅಳೆದು ಒಂದು ಮನೆಯ ಕೆಲಸವನ್ನು ಪಡೆಯುವ ಬಡಗಿ ಉಳಿದ ನಾಲ್ಕು ಮನೆಗಳ ಸಂಜೆಗಳನ್ನು ಎಲ್ಲಿಂದ ತುಂಬಿಕೊಳ್ಳಬೇಕು? ಐದನೆಯ ಮನೆಯವನ ಬಿಲ್ಲಿನಿಂದಲೇ. ಆದ್ದರಿಂದ ಬಿಟ್ಟಿ ಅಂದಾಜು ಎಂಬುದು ಯಾರಿಗೂ ಬಿಟ್ಟಿಯಲ್ಲ. ಕೆಲಸ ಕೊಟ್ಟ ಗೃಹಸ್ಥನು ಕೊಡದ ಗೃಹಸ್ಥರ ಪರವಾಗಿ ತೆರುವ ದಂಡ ಅದು. ಅಳತೆಗೂ ನಕ್ಷೆಗೂ ಒಂದು ಶುಲ್ಕವನ್ನು ಮೊದಲೇ ಗೊತ್ತುಮಾಡಿ, ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಅದನ್ನು ವಜಾಮಾಡಿಕೊಳ್ಳುವ ಪದ್ಧತಿ ಕೆಲವು ಕಡೆ ಇದೆ. ಬಡವನಾದ ಗೃಹಸ್ಥನಿಗೆ ಇದು ಭಾರವಲ್ಲವೇ ಎಂದು ಕೇಳುವವರುಂಟು. ಬಡವನಾದ ಗೃಹಸ್ಥನು ನಾಲ್ವರನ್ನು ಕರೆಯುವ ಬದಲು ಇಬ್ಬರನ್ನು ಕರೆಯಲಿ. ಅವನಿಗಿಂತ ಬಡವನಾದ ಬಡಗಿ ಆ ಭಾರವನ್ನು ಹೊತ್ತಿರುವುದು ನಮ್ಮ ಕಣ್ಣಿಗೆ ಬೀಳದ ಮಾತ್ರಕ್ಕೆ ಭಾರವೇ ಇಲ್ಲವೆಂದಾಗದು.

ಬೆಲೆಯ ವಿಷಯಕ್ಕೆ ಬಂದರೆ, ರಸ್ಕಿನ್ನನ ವಾದವೊಂದು ಇಲ್ಲಿ ನೆನಪಾಗುತ್ತದೆ. ೧೮೬೦ರಲ್ಲಿ ಬರೆದ ಲೇಖನಗಳಲ್ಲಿ ಅವನು, ಕೂಲಿ ಎಲ್ಲರಿಗೂ ನಿಯತವಾಗಿರಬೇಕು, ಆದರೆ ಕೆಲಸ ಮಾತ್ರ ಒಳ್ಳೆಯ ಕೆಲಸಗಾರನಿಗೇ ಸಿಕ್ಕಬೇಕು ಎಂದು ವಾದಿಸಿದನು. ಕೆಟ್ಟ ಕೆಲಸಗಾರ ಅರ್ಧ ಬೆಲೆಗೆ ಒಪ್ಪಿಕೊಂಡು ಒಳ್ಳೆಯವನನ್ನು ಹೊರದೂಡುವುದೇ ಅನರ್ಥದ ಮೂಲವೆಂಬುದು ಅವನ ಮತ. ಗಾಂಧಿಯವರು ೧೯೦೪ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಈ ಪುಸ್ತಕವನ್ನು ಓದಿದರು. ೧೯೦೮ರಲ್ಲಿ ಗುಜರಾತಿಯಲ್ಲಿ ಅದರ ಸಾರವನ್ನು "ಸರ್ವೋದಯ" ಎಂಬ ಹೆಸರಿನಿಂದ ಬರೆದರು. ರಸ್ಕಿನ್ನನ ನಿಯತವಾದ ಕೂಲಿ ನಮ್ಮ ಸಂತೆಯಲ್ಲಿ ನಡೆಯದೆಂಬುದು ನಿಜ. ಆದರೆ ಒಂದು ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಅಡುಗೆಮನೆಗೆ ಎಷ್ಟು ಹಾಳೆ ಪ್ಲೈವುಡ್ಡು ಬೇಕೆಂಬುದನ್ನು ನಕ್ಷೆಯಿಂದ ಎಣಿಸಿ, ಒಳ್ಳೆಯ ಜಾತಿಯ ಹಾಳೆಯ ಬೆಲೆಯಿಂದ ಗುಣಿಸಿ, ಕೀಲು, ಚಾನೆಲ್ಲು, ಸನ್‌ಮೈಕ, ಕೂಲಿ ಇವನ್ನು ಕೂಡಿಸಿದರೆ, ಇದಕ್ಕಿಂತ ಕೆಳಗೆ ಪ್ರಾಮಾಣಿಕವಾಗಿ ಇಳಿಯಲಾಗದ ಒಂದು ಮೊತ್ತ ಸಿಕ್ಕುತ್ತದೆ. ಆ ಮೊತ್ತವನ್ನು ತಿಳಿದೂ ಅದಕ್ಕಿಂತ ಕೆಳಗೆ ಬಡಗಿಯನ್ನು ಇಳಿಸಿದ ಗೃಹಸ್ಥನು ಮೋಸಹೋದವನಲ್ಲ. ಅವನು ಮೋಸವನ್ನು ಕೊಂಡುಕೊಂಡವನು. ಮುಂದೆ ಕಪಾಟು ಉಬ್ಬಿದಾಗ ಅವನು ಕೂಗಾಡುವುದು ಕೇಳಲು ಸೊಗಸಾಗಿರುವುದಿಲ್ಲ. "ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆ" ಎಂಬ ಮಾತಿಗೆ ಒಪ್ಪಿಕೊಂಡು ತೆರಿಗೆಯನ್ನು ಉಳಿಸಿದವನ ಸ್ಥಿತಿಯೂ ಇದೇ. ಅವನು ಉಳಿಸಿದ್ದು ಹಣ, ಕಳೆದುಕೊಂಡದ್ದು ರಸೀದಿ.

ನಮ್ಮ ಪ್ರಾಚೀನರು ಈ ವಿಚಾರದಲ್ಲಿ ಒಂದೇ ಕಡೆಗೆ ವಾಲಿದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕಂಡುಹಿಡಿದು ೧೯೦೯ರಲ್ಲಿ ಅಚ್ಚುಹಾಕಿಸಿದವರು ನಮ್ಮ ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣ ಆರಂಭವಾಗುವುದೇ ಕುಶಲಕರ್ಮಿಗಳಿಂದ ಜನರನ್ನು ರಕ್ಷಿಸುವ ವಿಚಾರದಿಂದ. ಹೇಳಿದ ಕಾಲಕ್ಕೆ ಕೆಲಸ ಮುಗಿಸದವನಿಗೆ ಕೂಲಿಯಲ್ಲಿ ಕಾಲುಭಾಗ ಖೋತಾ, ಅದರ ಮೇಲೆ ಕೂಲಿಯ ಇಮ್ಮಡಿ ದಂಡ. ಹೇಳಿದ್ದನ್ನು ಬಿಟ್ಟು ಬೇರೆ ಮಾಡಿದವನಿಗೆ ಕೂಲಿಯೇ ಇಲ್ಲ, ದಂಡ ಮಾತ್ರ ಉಂಟು. ಇದನ್ನು ಓದಿ ಈಗಿನ ಗೃಹಸ್ಥರಿಗೆ ಬಾಯಲ್ಲಿ ನೀರೂರಬಹುದು. ಆದರೆ ಮುಂದಿನ ಪ್ರಕರಣದಲ್ಲಿಯೇ, ಒಳಸಂಚು ಮಾಡಿ ಕುಶಲಕರ್ಮಿಗಳ ಕೆಲಸದ ಗುಣವನ್ನು ಕುಗ್ಗಿಸುವವರಿಗೂ ಅವರ ಆದಾಯಕ್ಕೆ ಅಡ್ಡಿಮಾಡುವವರಿಗೂ ಸಾವಿರ ಪಣ ದಂಡವೆಂದಿದೆ. ಈ ಎರಡನೆಯ ವಾಕ್ಯವನ್ನು ನಾವು ಅಷ್ಟಾಗಿ ಉದ್ಧರಿಸುವುದಿಲ್ಲ.

ಕಮಿಷನ್ನಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮನೆಯ ನಕ್ಷೆಗಾರನೋ ಮೇಸ್ತ್ರಿಯೋ ಗೃಹಸ್ಥನನ್ನು ಒಂದು ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಅಂಗಡಿಯವನು ಹಿಂದಿನಿಂದ ಅವನ ಕೈಗೆ ಒಂದಿಷ್ಟು ಹಾಕುತ್ತಾನೆ. ಬಾಯಿಬಿಟ್ಟು ಹೇಳಿ ಪಡೆದರೆ ಅದು ಕೂಲಿ. ಮುಚ್ಚಿಟ್ಟರೆ ಅವನ ಸಲಹೆಯೇ ಮಾರಾಟವಾಯಿತು. ಆಯ್ದಕ್ಕಿ ಲಕ್ಕಮ್ಮ ಗಂಡನು ನಿತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ನಾಡಿನದೇ. ಅಷ್ಟು ಎತ್ತರವನ್ನು ಎಲ್ಲರಿಂದಲೂ ಬಯಸಲಾಗದು. ತಂದದ್ದು ಎಷ್ಟೆಂದು ಹೇಳುವಷ್ಟನ್ನಾದರೂ ಬಯಸಬಹುದು.

ಇನ್ನು ಮುಂಗಡ. ಮೊದಲು ನಂಬತಕ್ಕವರು ಯಾರು? ಹಣವಿಲ್ಲದೆ ಬಡಗಿ ಮರ ತರಲಾರ. ಮರ ಕಾಣದೆ ಗೃಹಸ್ಥ ಹಣ ಬಿಚ್ಚಲಾರ. ಮರ ಬಂದಾಗ ಇಷ್ಟು, ಪೆಟ್ಟಿಗೆಗಳು ನಿಂತಾಗ ಇಷ್ಟು, ಮುಗಿದಾಗ ಉಳಿದದ್ದು ಎಂದು ಹಂತ ಮಾಡಿಕೊಳ್ಳುವ ರೂಢಿಯಲ್ಲಿ ಒಂದು ವಿವೇಕವಿದೆ: ಯಾವ ದಿನದಲ್ಲಿಯೂ ಒಬ್ಬರು ಇನ್ನೊಬ್ಬರನ್ನು ತಾವು ಕಳೆದುಕೊಳ್ಳಲಾರದಷ್ಟು ನಂಬಬೇಕಾಗಿ ಬರುವುದಿಲ್ಲ. ಕೊನೆಯ ಕಂತನ್ನು ಹಿಡಿದಿಡುವುದು ನ್ಯಾಯವೇ. ಆದರೆ ಅದು ಯಾರ ಹೊಟ್ಟೆಯ ಮೇಲೆ ಬೀಳುತ್ತದೆಂಬುದನ್ನು ನೋಡಬೇಕು. ಸಿಂಕಿನ ಕೆಳಗೆ ನೀರು ತೊಟ್ಟಿಕ್ಕಿದರೆ ಮಾರಿದವನು ಫಿಟ್ಟರನ್ನು ತೋರಿಸುತ್ತಾನೆ. ಫಿಟ್ಟರು ಸಾಮಾನನ್ನು ತೋರಿಸುತ್ತಾನೆ. ಇಬ್ಬರೂ ಸೇರಿ ಮನೆ ಕಟ್ಟಿದವನ ಕೊಳಾಯಿಯನ್ನು ತೋರಿಸುತ್ತಾರೆ. ಯಜಮಾನನ ಸಿಟ್ಟು ಎದುರಿಗಿರುವವನ ಮೇಲೆ ತಿರುಗುತ್ತದೆ, ಎದುರಿಗಿರುವವನು ಫಿಟ್ಟರೊಬ್ಬನೇ. ಸಂಸ್ಥೆಗೆ ಸಲ್ಲಬೇಕಾದ ಕಂತು ನಿಂತರೆ ಸಂಸ್ಥೆ ಅವನ ಕೂಲಿಯನ್ನು ನಿಲ್ಲಿಸುತ್ತದೆ. ಇದಕ್ಕಾಗಿಯೇ, ಒದಗಿಸುವುದಕ್ಕೂ ಜೋಡಿಸುವುದಕ್ಕೂ ಒಬ್ಬನೇ ಹೊಣೆ ಎಂಬುದನ್ನು ಮೊದಲ ದಿನವೇ ಕಾಗದದಲ್ಲಿ ಬರೆಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸೇವೆಯ ಲೋಪಕ್ಕಾಗಿ ಎರಡು ವರ್ಷಗಳ ಒಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಯಾರ ಮೇಲೆ ಕೊಡಬೇಕೆಂಬುದೇ ಗೊತ್ತಿಲ್ಲದವನಿಗೆ ಆ ಹಕ್ಕಿನಿಂದ ಪ್ರಯೋಜನವೇನು? ಈ ಸಂದರ್ಭದಲ್ಲಿ ಇನ್ನೊಂದು ಸಣ್ಣ ಮಾತು. ಎತ್ತರದ ವಸತಿಸಮುಚ್ಚಯಗಳಲ್ಲಿ ಜೋಡಿಸಲು ಬಂದವರಿಗೆ ಲಿಫ್ಟು ಬೇರೆ, ಹೊತ್ತು ಬೇರೆ. ಕುಡಿಯುವ ನೀರನ್ನು ಅವರೇ ತರಬೇಕು. ನಾಲ್ಕು ಲಕ್ಷದ ಅಡುಗೆಮನೆಯನ್ನು ಕಟ್ಟಿಸಿಕೊಳ್ಳುವವರ ಮನೆಯಲ್ಲಿ ಅದನ್ನು ಕಟ್ಟುವವನಿಗೆ ಒಂದು ಲೋಟ ನೀರು ಸಿಕ್ಕದಿರುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ಯಾವ ಗುರುತಿನಿಂದ ಆರಿಸಬೇಕು? ಗ್ಯಾರಂಟಿಯ ವರ್ಷಗಳಿಂದಲ್ಲ, ಹತ್ತು ವರ್ಷದ ಗ್ಯಾರಂಟಿ ಕೊಟ್ಟ ಸಂಸ್ಥೆ ಹತ್ತು ವರ್ಷ ಬಾಳಬೇಕಲ್ಲ! ಅವನು ಹಿಂದೆ ಮಾಡಿದ, ಐದಾರು ವರ್ಷ ಹಳೆಯದಾದ ಒಂದು ಅಡುಗೆಮನೆಯನ್ನು ಹೋಗಿ ನೋಡುವುದು ಷೋರೂಮಿನ ಹತ್ತು ಅಡುಗೆಮನೆಗಳಿಗಿಂತ ಹೆಚ್ಚು ಹೇಳುತ್ತದೆ. ಅದಕ್ಕಿಂತಲೂ ನನ್ನ ಮನಸ್ಸಿಗೆ ಒಪ್ಪಿದ ಗುರುತು, ಅವನು ಕೇಳುವ ಪ್ರಶ್ನೆ. ಹಲಸೂರಿನ ಆಚಾರಿ ಒಳಗೆ ಬಂದೊಡನೆ ಕೇಳಿದ್ದು ಬಣ್ಣದ ವಿಚಾರವನ್ನಲ್ಲ, ದುಡ್ಡಿನ ವಿಚಾರವನ್ನೂ ಅಲ್ಲ. "ಅಡುಗೆ ಮಾಡೋರು ಯಾರು ಸ್ವಾಮಿ? ಅವರನ್ನ ಸ್ವಲ್ಪ ಕರೀರಿ" ಎಂದ.

ಈ ಪ್ರಶ್ನೆಯನ್ನು ಕೇಳದೆ ಕಟ್ಟಿದ ಅಡುಗೆಮನೆಗಳ ಚರಿತ್ರೆ ನಮ್ಮ ದಂಡಿನ ಬಂಗಲೆಗಳಿಗಷ್ಟೇ ಸೇರಿದ್ದಲ್ಲ. ಈಗಿನ ಜೋಡಣೆಯ ಅಡುಗೆಮನೆಗೆ ಮೂಲಮಾತೃಕೆಯೆನ್ನಿಸಿಕೊಂಡ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ೧೯೨೬ರಲ್ಲಿ ರಚಿಸಿದವರು ಮಾರ್ಗರೆಟೆ ಷ್ಯೂಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳೆ. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಕೂಡಿಸಿದರು. ಹೆಂಗಸರ ಹೆಜ್ಜೆಗಳನ್ನು ಲೆಕ್ಕಹಾಕಿ ಶ್ರಮವನ್ನು ತಗ್ಗಿಸಬೇಕೆಂಬ ಉದ್ದೇಶ ಬಹು ಉದಾತ್ತವಾದದ್ದು. ತಾವು ಅದುವರೆಗೆ ಮನೆತನ ನಡೆಸಿದವರೂ ಅಲ್ಲ, ಅಡುಗೆ ಮಾಡಿದವರೂ ಅಲ್ಲವೆಂದು ಆಕೆಯೇ ಮುಂದೆ ಹೇಳಿಕೊಂಡರು. ಆಕೆಯ ಪ್ರತಿಭೆಗೆ ಇದರಿಂದ ಕುಂದಿಲ್ಲ. ಆದರೆ ಒಂದೇ ಅಳತೆ ಹತ್ತು ಸಾವಿರ ಹೆಂಗಸರಿಗೆ ಒಪ್ಪಬೇಕಾಗಿ ಬಂತು. ನಮ್ಮಲ್ಲಿ ಈಗ ನಡೆಯುತ್ತಿರುವುದು ಏನು? ಅಂದಾಜು ಪಟ್ಟಿಯನ್ನು ಓದಿ ವಾದಿಸುವವನು ಮನೆಯ ಯಜಮಾನ. ಬಣ್ಣ ಆರಿಸುವವರು ಯಜಮಾನಿ. ಬಹುಮಂದಿಯ ಮನೆಯಲ್ಲಿ ದಿನವೂ ಎರಡು ಹೊತ್ತು ಒಲೆಯ ಮುಂದೆ ನಿಲ್ಲುವವಳು ಅಡುಗೆಯಾಕೆ. ಅವಳ ಮೊಳಕೈ ಎಷ್ಟು ಎತ್ತರದಲ್ಲಿದೆಯೆಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ.

ಕಲ್ಲಿನ ಕಟ್ಟೆಯ ಎತ್ತರ ೩೪ರಿಂದ ೩೬ ಅಂಗುಲವಿರಬೇಕೆಂಬುದು ಈಗಿನ ವಾಡಿಕೆ. ನನಗೆ ಗೊತ್ತಿರುವ ಇನ್ನೊಂದು ಮನೆಯಲ್ಲಿ, ಅದು ಕೃಷ್ಣರಾಜಪುರದ ಕಡೆಯದು, ಫಿಟ್ಟರು ಹುಡುಗನೊಬ್ಬ ಕಟ್ಟೆ ಹಾಕುವುದಕ್ಕೆ ಮುಂಚೆ ಇಟ್ಟಿಗೆಗಳ ಮೇಲೆ ಒಂದು ಹಲಗೆಯನ್ನಿಟ್ಟು, ಒಂದೊಂದೇ ಇಟ್ಟಿಗೆ ಏರಿಸಿ ಇಳಿಸಿ, ಅಡುಗೆಯಾಕೆಯನ್ನೂ ಯಜಮಾನಿಯನ್ನೂ ಕರೆದು ನಿಲ್ಲಿಸಿ ಕೇಳಿದ. ಯಜಮಾನಿ ೩೫ ಅಂಗುಲವೆಂದರು. ಅಡುಗೆಯಾಕೆ ಮೊದಲು "ಅಮ್ಮಾವ್ರು ಹೇಳ್ದಂಗೇ ಇರ್ಲಿ" ಎಂದಳು. ಹುಡುಗ ಮತ್ತೆ ಕೇಳಿದ. ಆಕೆ ಹಲಗೆಯ ಮೇಲೆ ಚಪಾತಿ ಲಟ್ಟಿಸುವಂತೆ ಕೈಯಾಡಿಸಿ ನೋಡಿ, ೩೨ಕ್ಕೆ ತಲೆಯಾಡಿಸಿದಳು. ಅರ್ಧ ಗಂಟೆ ಮಾತಾಯಿತು. ಒಲೆಯ ಭಾಗವನ್ನು ೩೨ಕ್ಕೆ ತಗ್ಗಿಸಿ, ಸಿಂಕಿನ ಭಾಗವನ್ನು ೩೫ಕ್ಕೆ ಬಿಟ್ಟು, ಜಿಗಣಿಯಿಂದ ತರಿಸಿದ್ದ ಕರಿಯ ಗ್ರಾನೈಟನ್ನು ಎರಡು ತುಂಡಾಗಿ ಕೊಯ್ಯಿಸಿದರು. ಹುಡುಗನಿಗೆ ಅರ್ಧ ದಿನದ ಕೆಲಸ ಹೆಚ್ಚಾಯಿತು. ಅದರ ಕೂಲಿಯನ್ನು ಸಂಸ್ಥೆಯ ಲೆಕ್ಕಕ್ಕೆ ಸೇರಿಸದೆ ಯಜಮಾನಿ ಅವನ ಕೈಗೇ ಕೊಟ್ಟರು.